ಒಂದೇ ಜಡೆಯ ಹುಡುಗಿ

"ಯಾರ ಕೂಸೋ ಏನೋ, ಅವರವ್ವ ಒಂದ ಕಡೆ ಜಡಿ ಹಾಕಿ ಕೈ ಬಿಟ್ಟಾಳ. ಇನ್ನೊಂದ ಕಡೆ ನೋಡು, ಕೂದ್ಲ ಹಂಗ ಹಾರ್ಯಾಡಕತ್ತೈತಿ. ಇಂಥಾ ಹೆಂಗಸರಿಗೆ ಮಕ್ಕಳು ಬ್ಯಾರೆ," ಎಂದು ನಿಂಗಕ್ಕ ನಕ್ಕು, ಮೊಮ್ಮಗಳ ಭುಜಕ್ಕೆ ಮೊಣಕೈಯಿಂದ ತಿವಿದಳು. "ಮುಂದಕ ತಳ್ಳು."

ಗಂಗೋತ್ರಿ ಬೆರಳಿನಿಂದ ಮುಂದಕ್ಕೆ ತಳ್ಳಿದಳು. ಫೋನಿನ ಗಾಜಿನ ಮೇಲೆ ಹಳೆಯ ಹಂಪಿ ಕಪ್ಪು ಬಿಳುಪಿನಲ್ಲಿ ಒಂದೊಂದಾಗಿ ಸರಿಯುತ್ತಿತ್ತು. ಬಜಾರದ ಎರಡೂ ಮಗ್ಗುಲಿನ ಕಲ್ಲಿನ ಮಂಟಪಗಳಲ್ಲಿ ಆಗ ಸಂಸಾರಗಳಿದ್ದವು. ಕಂಬಗಳ ನಡುವೆ ಮಣ್ಣಿನ ಗೋಡೆ ಎಬ್ಬಿಸಿ ಬಾಗಿಲು ಇಟ್ಟುಕೊಂಡಿದ್ದರು, ಕಂಬದಿಂದ ಕಂಬಕ್ಕೆ ಹಗ್ಗ ಎಳೆದು ಬಟ್ಟೆ ಒಣಹಾಕುತ್ತಿದ್ದರು. ನಿಂಗಕ್ಕ ಮತ್ತು ಅವಳ ಗಂಡ ಪಾಲಪ್ಪನದೂ ಅಂಥದೊಂದು ಮಂಟಪ. ಮುಂದೆ ಒಗ್ಗರಣೆ ಮಿರ್ಚಿ ಅಂಗಡಿ, ಹಿಂದೆ ಸಂಸಾರ. ಆ ಚಿತ್ರಗಳಲ್ಲಿ ಅವಳಿಗೆ ಗುರುತಿಲ್ಲದ ಕಲ್ಲೇ ಇರಲಿಲ್ಲ. ಇದು ಊರಮ್ಮನ ಎಮ್ಮೆ, ಇದು ಸುಂಕಪ್ಪನ ಸೈಕಲ್ಲು, ಇವನು ಯಾವತ್ತೂ ಹಿಂಗೇ ಹಲ್ಲು ಕಿರಿಯುತ್ತಿದ್ದ ಎಂದು ಸತ್ತವರನ್ನೂ ಬಿಡದೆ ಆಡಿಕೊಳ್ಳುತ್ತ ಕೂತಿದ್ದಳು.

ಚಿತ್ರಗಳು ಬಂದ ಬಗೆಯೇ ಒಂದು ಸೋಜಿಗ. ಗಂಗೋತ್ರಿ ಹುಟ್ಟುವುದಕ್ಕೆ ಎಷ್ಟೋ ಮೊದಲು ಹಂಪಿಯ ಗುಡಿಗಳನ್ನು ಅಳೆಯಲೆಂದು ಒಂದು ತಂಡ ಬಂದು ಡೇರೆ ಹಾಕಿತ್ತು. ಬಿಳಿಯರೂ ಇದ್ದರು, ನಮ್ಮವರೂ ಇದ್ದರು. ಚಳಿಗಾಲಕ್ಕೆ ಬರುವುದು, ಬಿಸಿಲು ಏರಿದಾಗ ಹೋಗುವುದು. ಒಂದೊಂದು ಕಂಬದ ಪಕ್ಕಕ್ಕೂ ಕಪ್ಪು ಬಿಳಿ ಪಟ್ಟೆಯ ಅಳತೆಕೋಲು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಆ ಕೋಲನ್ನು ಹೊತ್ತು ತಿರುಗುವುದು, ನೆಟ್ಟಗೆ ನಿಲ್ಲಿಸಿ ಚಿತ್ರದಿಂದಾಚೆ ಸರಿಯುವುದು ಪಾಲಪ್ಪನ ಕೆಲಸ. ಫೋಟೋಗಳೆಲ್ಲ ಪೆಟ್ಟಿಗೆ ಸೇರಿ ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದ ನೆಲಮಾಳಿಗೆಗೆ ಹೋದವು. ಈಗ ಅವರಿಗೆ ಅದೇನು ಮನಸ್ಸು ಬಂತೋ, ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಇದ್ದದ್ದನ್ನು ಇದ್ದ ಹಾಗೆ ಇಂಟರ್‌ನೆಟ್ಟಿಗೆ ಹಾಕಿದ್ದರು. ಚೆಂದದವನ್ನಷ್ಟೇ ಆರಿಸಿರಲಿಲ್ಲ. ಅಲುಗಿದ್ದು, ಬೆಳಕು ಹೆಚ್ಚಾಗಿ ಕೆಟ್ಟದ್ದು, ಆಡು ಅಡ್ಡ ಬಂದದ್ದು, ಎಲ್ಲ ಇದ್ದವು. ಹಂಪಿ, ಕಮಲಾಪುರದ ಫೋನುಗಳಲ್ಲಿ ಆ ವಾರ ಬೇರೆ ಸುದ್ದಿಯೇ ಇರಲಿಲ್ಲ.

ಗಂಗೋತ್ರಿ ಕಂಪ್ಲಿಯ ಮನೆಯ ಮುಂಗೋಣೆಯಲ್ಲಿ ಆನ್‌ಲೈನ್ ಸೆಂಟರ್ ನಡೆಸುತ್ತಿದ್ದಳು. ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ ಎಂದು ದಿನವಿಡೀ ಬಾಗಿಲು ತೆರೆಯದ ಸೈಟುಗಳ ಎದುರು ತಪಸ್ಸು ಮಾಡುವವಳಿಗೆ ಇದು ನಂಬಲಾಗದ ಸಂಗತಿ.

"ಓಟಿಪಿ ಇಲ್ಲ, ಲಾಗಿನ್ ಇಲ್ಲ, ಫೀಸ್ ಇಲ್ಲ ಅಜ್ಜಿ. ಬೇಕಾದ್ದು ತಗೊಳ್ರಿ, ಪ್ರಿಂಟ್ ಹಾಕಿಸ್ರಿ, ಹಂಚ್ರಿ, ಯಾರನ್ನೂ ಕೇಳಬೇಕಾಗಿಲ್ಲ ಅಂತ ಬರದಾರ."

"ಯಾರನ್ನೂ?"

"ಯಾರನ್ನೂ."

"ಭಾಳ ಒಳ್ಳೇರದಾರ ಬಿಡು, ಇಲ್ಲಾ ಹುಚ್ಚರದಾರ," ಎಂದಳು ನಿಂಗಕ್ಕ.

ತನಗೆ ಬೇಕಾದ ಒಂದು ಮುಖ ಮಾತ್ರ ಆ ರಾಶಿಯಲ್ಲಿ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಇರದ ಹಾಗೆ ನೋಡಿಕೊಂಡವಳು ಅವಳೇ. ಚಂದ್ರಕಲಾ, ಅಂದರೆ ಗಂಗೋತ್ರಿಯ ತಾಯಿ, ಹುಟ್ಟುವ ಮೊದಲು ನಿಂಗಕ್ಕನಿಗೆ ಮೂರು ಗಂಡು ಆಗಿದ್ದವು. ಮೊದಲೆರಡು ತೊಟ್ಟಿಲಲ್ಲೇ ಹೋದವು. ಮೂರನೆಯದು ಹುಟ್ಟಿದಾಗ ಹಿರಿಯರು ಅದನ್ನು ಬರಿಮೈಯಲ್ಲಿ ತಿಪ್ಪೆಯ ಮೇಲೆ ಮಲಗಿಸಿದರು. ನೆರೆಮನೆಯ ಊರಮ್ಮ ಎತ್ತಿಕೊಂಡಳು, ನಿಂಗಕ್ಕ ಒಂದು ಮೊರ ತೌಡು ಕೊಟ್ಟು ಅವಳಿಂದ ಕೂಸನ್ನು ಕೊಂಡಳು. ತೌಡಿಗೆ ಬಂದದ್ದು ಎಂದು ತೌಡಪ್ಪ ಎಂದರು. ಇಷ್ಟು ಅಗ್ಗದ ಕೂಸನ್ನು ಸಾವು ಕಣ್ಣೆತ್ತಿ ನೋಡುವುದಿಲ್ಲ ಎಂಬುದು ಲೆಕ್ಕ. ಉಚ್ಚೆಂಗಮ್ಮನ ಗುಡ್ಡಕ್ಕೆ ಹೋಗಿ ಜವಳ ತೆಗೆಸುವ ತನಕ ತಲೆಗೆ ಕತ್ತರಿ ಮುಟ್ಟಿಸಬಾರದು, ಫೋಟೋ ಹಿಡಿಸಬಾರದು. ಬಜಾರದ ಮಕ್ಕಳೆಲ್ಲ ಸಾಹೇಬರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡವು. ನಿಂಗಕ್ಕ ಕ್ಯಾಮರಾ ಕಂಡರೆ ತನ್ನದನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು.

ಜವಳದ ಮಾತು ಎತ್ತಿದಾಗೆಲ್ಲ ಪಾಲಪ್ಪ, "ಸಾಹೇಬರು ಡೇರೆ ಕಿತ್ತ ಕೂಡ್ಲೆ ಹೋಗೂಣು" ಎನ್ನುತ್ತಿದ್ದ. ಡೇರೆ ಕಿತ್ತರು. ಅದೇ ವಾರ ಕೂಸಿಗೆ ಜ್ವರ ಬಂತು. ಹೊಸಪೇಟೆಯ ಆಸ್ಪತ್ರೆಯ ವರಾಂಡದಲ್ಲಿ, ಅಪ್ಪನ ಹೆಗಲ ಮೇಲೆ, ಕತ್ತರಿ ಕಾಣದ ತಲೆಯಲ್ಲೇ ಹೋಯಿತು.

ಆಮೇಲೆ ಅವರು ಹಂಪಿಯಲ್ಲಿ ಬಹಳ ದಿನ ಇರಲಿಲ್ಲ. ಮೆಟ್ರಿ ಎಂಬ ಹಳ್ಳಿಗೆ ಹೋದರು, ಅಲ್ಲಿಂದ ಕಂಪ್ಲಿಗೆ ಬಂದರು. ವರ್ಷಗಳು ಕಳೆದಂತೆ ನಿಂಗಕ್ಕನಿಗೆ ಮಗನ ಮುಖ ಸವೆಯುತ್ತ ಬಂತು. ಧ್ವನಿ ಇತ್ತು, ಮೈಯ ಬಿಸಿ ಇತ್ತು, ಕುತ್ತಿಗೆಯ ಬೆವರಿನ ವಾಸನೆ ಇತ್ತು, ಮುಖ ಇರಲಿಲ್ಲ. ನೆನೆಸಿಕೊಳ್ಳಲು ಕೂತರೆ ಚಂದ್ರಕಲಾಳ ಎಳೆಯ ಮುಖ ಬಂದು ಅಡ್ಡ ನಿಲ್ಲುತ್ತಿತ್ತು. ಹೆತ್ತವಳಿಗೆ ಇದಕ್ಕಿಂತ ದೊಡ್ಡ ನಾಚಿಕೆ ಉಂಟೇ ಎಂದು ಅವಳು ಇದನ್ನು ಯಾರ ಮುಂದೆಯೂ ಆಡಿರಲಿಲ್ಲ.

ಪಾಲಪ್ಪನ ಟ್ರಂಕಿನಲ್ಲಿ ಸಾಹೇಬರು ಕೊಟ್ಟ ಒಂದು ದಪ್ಪ ಪುಸ್ತಕವಿತ್ತು, ಅವರದೇ ಕೆಲಸದ ಪುಸ್ತಕ. ಅವನು ಅದರಲ್ಲಿ ಒಂದೇ ಹಾಳೆ ತೆರೆದುಕೊಂಡು ಕೂರುತ್ತಿದ್ದ. ಒಂದು ಕಂಬ, ಪಕ್ಕದಲ್ಲಿ ಅಳತೆಕೋಲು, ಅಷ್ಟೇ. "ಇಲ್ಲೇ ಕುಂತಿದ್ದ ನೋಡು ಆವತ್ತು. ಸಾಹೇಬರು ಒಂದ್ಸಲ ಕ್ಲಿಕ್ ಮಾಡಿದಮ್ಯಾಲೆ ನಾನ ಎತ್ತಿ ಆಚೆಗಿಟ್ಟೆ," ಎಂದು ಹೇಳಲು ಬರುತ್ತಿದ್ದ. ಮರುವರ್ಷ ಸಾಹೇಬರನ್ನು ಕೂಸು ಅಡ್ಡ ಬಂದು ಕೆಟ್ಟ ಆ ಮೊದಲ ಫೋಟೋ ಕೊಡಿರೆಂದು ಕೇಳಿಯೂ ಇದ್ದನಂತೆ. ಹುಡುಕಿಸುತ್ತೇನೆ ಎಂದಿದ್ದರು. ಪೆಟ್ಟಿಗೆಗಳು ಎಲ್ಲೋ, ಕೇಳುವವನು ಎಲ್ಲೋ. ನಿಂಗಕ್ಕ ಇದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜವಳ ಮುಂದೂಡಿದ ಗಂಡಸಿನ ಸಮಾಧಾನದ ಮಾತು ಎಂದುಕೊಂಡಳು. "ಕಲ್ಲು ನೋಡಿ ಅಳು ನೀನು," ಎಂದು ಎದ್ದುಹೋಗುತ್ತಿದ್ದಳು. ಅವನು ಸಾಯುವ ತನಕವೂ ಆ ಕಂಬವನ್ನು ನೋಡಿದ.

ಭಾನುವಾರ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಗಂಗೋತ್ರಿಯ ತಲೆಗೆ ಎಣ್ಣೆ ಹಚ್ಚಿ ನಿಂಗಕ್ಕ ಜಡೆ ಹೆಣೆಯುತ್ತಿದ್ದಳು. ಎಷ್ಟು ದೊಡ್ಡವಳಾದರೂ ವಾರಕ್ಕೊಮ್ಮೆ ಎರಡು ಜಡೆ ಹಾಕಿಸಿಕೊಳ್ಳುವುದು ಆ ಹುಡುಗಿಗೆ ಖುಷಿ. ಬಲಗಡೆಯದು ಮುಗಿದು ಎಡಗಡೆಯ ಕೂದಲನ್ನು ಮೂರು ಕಾಲಾಗಿ ಸೀಳಿಕೊಂಡಿದ್ದಾಗ ಬಾಗಿಲಲ್ಲಿ ಯಾರೋ ಪಹಣಿಗೆ ಬಂದು ಕೂಗಿದರು.

"ತಡಿ ಅಜ್ಜಿ, ಬಂದೆ," ಎಂದು ಗಂಗೋತ್ರಿ ತಲೆ ಬಿಡಿಸಿಕೊಂಡು ಓಡಿದಳು.

ನಿಂಗಕ್ಕನ ಬೆರಳುಗಳು ಗಾಳಿಯಲ್ಲೇ ಉಳಿದವು. ಒಳಗೆ ಓಡುತ್ತಿರುವ ಬೆನ್ನು, ಬಲಕ್ಕೊಂದು ಜಡೆ, ಎಡಕ್ಕೆ ಹಾರುವ ಕೂದಲು. ಹಂಪಿಯ ಮಂಟಪ ಕಣ್ಣೆದುರು ಬಂತು. ಒಲೆಯ ಮೇಲೆ ಬಾಣಲೆ, ಎದುರಿಗೆ ಎಣ್ಣೆಬಟ್ಟಲು, ಮೊಣಕಾಲ ನಡುವೆ ಕೂರದೆ ಒದ್ದಾಡುವ ಮೈ. ಹೊರಗೆ ಪಾಲಪ್ಪ ಅಳತೆಕೋಲನ್ನು ಹೆಗಲಿಗೇರಿಸಿದ ಸದ್ದಿಗೆ 'ಅಪ್ಪಾ' ಎಂದು ಕೈಯಿಂದ ಜಾರಿ ಓಡಿದ ಕೂಸು. ಹಿಂದಿನಿಂದ ಅವಳು ಕೂಗಿದ್ದಳು, ಅರ್ಧ ತಲೆಯಲ್ಲಿ ಹೋಗಬೇಡ ಎಂದು.

ಗಂಗೋತ್ರಿ ತಿರುಗಿ ಬಂದಾಗ ಅಜ್ಜಿ ಕಟ್ಟೆಯ ಮೇಲೆ ಅದೇ ಭಂಗಿಯಲ್ಲಿ ಕೂತಿದ್ದಳು.

"ಆವತ್ತು ತಳ್ಳಿದ್ಯಲ್ಲ ಗಂಗೂ, ಆ ಫೋಟೋ ತಗಿ. ಜಲ್ದಿ ತಗಿ."

"ಯಾವ ಫೋಟೋ?"

"ನಿಮ್ಮ ಮಾಮಂದು. ನನ್ನ ಮಗಂದು."

ಮಾಮ ಒಬ್ಬನಿದ್ದ, ಸಣ್ಣವನಿದ್ದಾಗಲೇ ಹೋದ ಎಂಬಷ್ಟು ಗಂಗೋತ್ರಿಗೆ ಗೊತ್ತಿತ್ತು. ಅವಳು ಫೋನಿನಲ್ಲಿ 'ಹುಡುಗ' ಎಂದು ಇಂಗ್ಲಿಷಿನಲ್ಲಿ ಹಾಕಿ ಹುಡುಕಿದಳು. ಚಡ್ಡಿಯ ಹುಡುಗರು, ಗಾಲಿ ಆಡಿಸುವ ಹುಡುಗರು, ಹೊಳೆಗೆ ಹಾರುವ ಹುಡುಗರು ಬಂದರು. ನಿಂಗಕ್ಕ ಒಂದೊಂದಕ್ಕೂ ತಲೆ ಅಲ್ಲಾಡಿಸಿದಳು. ಸಾವಿರಗಟ್ಟಲೆ ಚಿತ್ರಗಳಲ್ಲಿ ಅದೊಂದು ಮತ್ತೆ ಸಿಗದಿದ್ದರೆ ಎಂಬ ಹೆದರಿಕೆಗೆ ಅವಳು ಗಾಜಿಗೆ ಮುಖ ತಾಗುವಷ್ಟು ಬಗ್ಗಿದಳು.

"ಇದರಾಗೆಲ್ಲೂ ಇಲ್ಲಜ್ಜಿ."

"ಹುಡುಗ ಅಂದ್ರ ಹೆಂಗ ಸಿಕ್ಕಾನು?" ನಿಂಗಕ್ಕನ ಧ್ವನಿ ಇಳಿಯಿತು. "ಹುಡುಗಿ ಅಂತ ಹುಡುಕು. ಫ್ರಾಕ್ ಹಾಕಿದ್ದೆ ನಾನು. ಮೂಗು ಚುಚ್ಚಿಸಿದ್ದೆ, ಜಡಿ ಹಾಕ್ತಿದ್ದೆ. ಎರಡು ಗಂಡು ಹೋಗಿದ್ವಲ್ಲ, ಇದು ಹೆಣ್ಣು ಅಂತ ತಿಳದು ಬಿಟ್ಟುಹೋಗ್ಲಿ ಅಂತ. ಜವಳ ಆದಮ್ಯಾಲೆ ಚಡ್ಡಿ ಹಾಕೂಣು ಅಂತ ಇತ್ತು."

ಗಂಗೋತ್ರಿ ಪದ ಬದಲಾಯಿಸಿದಳು. ತುಸು ಹೊತ್ತಿಗೆ ಚಿತ್ರ ಬಂತು. ಕೆಳಗಿದ್ದ ಬರಹವನ್ನು ಅವಳು ಮೆಲ್ಲಗೆ ಕನ್ನಡಕ್ಕೆ ತಿರುಗಿಸಿ ಓದಿದಳು: ಬಜಾರದ ಮಂಟಪ, ಕಂಬ, ಅಳತೆಕೋಲು, ಪಕ್ಕದಲ್ಲಿ ಹುಡುಗಿ.

ಒಳಗಿನ ಕಂಪ್ಯೂಟರಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿದಳು. ಎಷ್ಟು ದೊಡ್ಡದು ಮಾಡಿದರೂ ಅದು ಒಡೆಯಲಿಲ್ಲ, ಅಷ್ಟು ಸ್ವಚ್ಛವಾಗಿ ಹಾಕಿದ್ದರು. ಕಂಬದ ಬುಡದಲ್ಲಿ ಒಂದು ಕೂಸು ಕಾಲು ಚಾಚಿ ಕೂತಿತ್ತು. ನಿಂಗಕ್ಕನ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಹೊಲಿದ ಹೂವಿನ ಫ್ರಾಕು. ಬಲಮೂಗಿನಲ್ಲಿ ಬೊಟ್ಟು. ಕಾಲ ಮೇಲೆ ಮಣ್ಣು. ಒಂದು ಜಡೆ. ಚಿತ್ರದ ಅಂಚಿನಿಂದ ಒಂದು ಕೈ, ಕೈಯಷ್ಟೇ, ಕೂಸನ್ನು ಎತ್ತಿಕೊಳ್ಳಲು ಒಳಗೆ ಚಾಚಿತ್ತು. ಮಣಿಕಟ್ಟಿನಲ್ಲಿ ತಾಮ್ರದ ಕಡಗ.

"ಅಜ್ಜಂದು," ಎಂದಳು ಗಂಗೋತ್ರಿ. ಆ ಕಡಗ ಈಗ ಅವಳ ಅಪ್ಪನ ಕೈಯಲ್ಲಿತ್ತು.

ನಿಂಗಕ್ಕ ಕೈಯನ್ನು ನೋಡಿದಳು, ಫ್ರಾಕನ್ನು ನೋಡಿದಳು, ಕೊನೆಗೆ ಮುಖವನ್ನು ನೋಡಿದಳು. ಅಗಲ ಹಣೆ, ತುಸು ಮುಂದಿದ್ದ ಕಿವಿ, ಬಿಸಿಲಿಗೆ ಕಿರಿದು ಮಾಡಿದ ಕಣ್ಣು. ಈ ಮುಖ ಅವಳಿಗೆ ಗುರುತು ಸಿಗಲಿಲ್ಲ. ಬಟ್ಟೆ ತನ್ನದು, ಜಡೆ ತನ್ನದು, ಎತ್ತಲು ಬಂದ ಕೈ ತನ್ನ ಗಂಡನದು, ಮುಖ ಮಾತ್ರ ಯಾರದೋ ಕೂಸಿನದು. ಹೊಸಬರನ್ನು ನೋಡುವಂತೆ ತನ್ನ ಮಗನನ್ನು ಒಂದೊಂದು ಅಂಗವಾಗಿ ಕಲಿಯಬೇಕಾಯಿತು. ಮೂರು ದಿನದ ಹಿಂದೆ ಇದೇ ಮುಖವನ್ನು ನೋಡಿ ಯಾವಳೋ ಹೊಣೆಗೇಡಿ ತಾಯಿ ಎಂದು ನಕ್ಕಿದ್ದಳಲ್ಲ. ಅವಳು ಹಾಕಿದ ವೇಷ ಅವಳನ್ನೇ ಮೋಸಗೊಳಿಸಿತ್ತು. ಸಾವಿಗೆ ಮಾತ್ರ ಅದು ಗೊತ್ತಾಗಿಬಿಟ್ಟಿತ್ತು.

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪಹಣಿಗೆ ಬಂದಿದ್ದವನು ಮುಂಗೋಣೆಯ ಬೆಂಚಿನಿಂದ ಎದ್ದು, ಆಮೇಲೆ ಬರ್ತೀನ್ರಿ ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

"ಖರೇನ ಹೇಳತಿದ್ದ ಗಂಗೂ ನಿಮ್ಮಜ್ಜ. ಇಲ್ಲೇ ಕುಂತಿದ್ದ ಅಂತ. ನಾನ ಕೇಳಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಅಂದಳು, "ಇದೊಂದು ಅವನ ಕಣ್ಣಿಗೆ ಬೀಳಬೇಕಿತ್ತು."

ಮರುದಿನ ಇಬ್ಬರೂ ಬಸ್ಸು ಹತ್ತಿ ಹೊಸಪೇಟೆಗೆ ಹೋದರು. ಯಲ್ಲೇಶನ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ಮುಗಳು, ಹುಟ್ಟುಹಬ್ಬದ ಬ್ಯಾನರುಗಳು, ಶ್ರದ್ಧಾಂಜಲಿಯ ಚೌಕಟ್ಟುಗಳು ಒಂದೇ ಗೋಡೆಗೆ ಒರಗಿದ್ದವು. ಪೆನ್‌ಡ್ರೈವ್ ಹಾಕಿಕೊಂಡು ಚಿತ್ರ ತೆರೆದ ಯಲ್ಲೇಶ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದ.

"ಎಲ್ಲಿ ಸಿಕ್ತವ್ವ ಇದು? ಏನು ಮಸ್ತ್ ಐತಿ ನೋಡು ಫೈಲು. ಗ್ವಾಡಿ ಅಳತಿಗೆ ಪ್ರಿಂಟ್ ಮಾಡಿದ್ರೂ ಒಡಿಯಂಗಿಲ್ಲ." ಅವನು ಮೌಸಿನಿಂದ ಅಂಚನ್ನು ತೋರಿಸಿದ. "ಈ ಕೋಲು, ಈ ಕೈ ತಗದುಬಿಡ್ತೀನಿ. ಎರಡ ನಿಮಿಷದ ಕೆಲಸ. ಹುಡುಗಿ ಒಬ್ಬಾಕೀನ ಚಂದ ಕಾಣ್ತಾಳ. ಹಿಂದ ಹೂವಿನ ತ್ವಾಟ ಕೂಡಸ್ಲೇನು?"

"ಬ್ಯಾಡಪ್ಪ," ಎಂದಳು ನಿಂಗಕ್ಕ. "ಕೈ ಇರ್ಲಿ."

"ಅಲ್ಲಮ್ಮ, ಅಡ್ಡ ಬಂದೈತಿ ಅದು."

"ಅಡ್ಡ ಬಂದಿಲ್ಲ. ಎತ್ತಿಕೊಳ್ಳಾಕ ಬಂದೈತಿ."

ಯಲ್ಲೇಶ ಮೌಸಿನಿಂದ ಕೈ ತೆಗೆದ. ಮುದುಕಿಯ ಮುಖ ನೋಡಿ ಧ್ವನಿ ತಗ್ಗಿಸಿ, ಕೂಸು ಹೋಗಿದೆಯೇನು, ಹಾಗಿದ್ದರೆ ಮೇಲೊಂದು ಹಾರ ಬಿಡಿಸಿ ಕೆಳಗೆ ಹೆಸರು, ತೇದಿ ಹಾಕಿಕೊಡುತ್ತೇನೆ ಎಂದ. ನಿಂಗಕ್ಕ ಹಾರ ಬೇಡವೆಂದಳು, ಹೆಸರೂ ಬೇಡವೆಂದಳು. ಅವನು ಅಳತೆ ಕೇಳಿದಾಗ ಗಂಗೋತ್ರಿ ಅಳತೆಕೋಲಿನ ಪಟ್ಟೆಗಳನ್ನು ತೋರಿಸಿ, ಇವು ಒಂದೊಂದೂ ಗೇಣಿನ ಹತ್ತಿರ ಹತ್ತಿರ ಇವೆಯೆಂದು ಅಜ್ಜ ಹೇಳುತ್ತಿದ್ದ, ಅದನ್ನೇ ಹಿಡಿದು ಕೂಸು ಇದ್ದಷ್ಟೇ ದೊಡ್ಡದಾಗಿ ಬರುವಂತೆ ಪ್ರಿಂಟ್ ಹಾಕಿ ಎಂದಳು. ಆ ಹುಡುಗಿಗೆ ಇದು ಹೊಳೆದದ್ದು ನಿಂಗಕ್ಕನಿಗೆ ಎಷ್ಟು ಹಿಡಿಸಿತೆಂದರೆ, ಅವಳು ಅಲ್ಲೇ ಮೊಮ್ಮಗಳ ತಲೆ ನೇವರಿಸಿದಳು.

ಚೌಕಟ್ಟು ಆಗುವ ತನಕ ಇಬ್ಬರೂ ಎದುರಿನ ಹೋಟೆಲಿನಲ್ಲಿ ಚಹಾ ಹೇಳಿ ಕೂತರು. ಗಂಗೋತ್ರಿ ಫೋನ್ ತೆರೆದು ಏನೋ ಒತ್ತುತ್ತಿದ್ದಳು.

"ಅಜ್ಜಿ, ಆ ಫೋಟೋದ ಕೆಳಗ, ಇದರಾಗಿರೋರು ಯಾರಂತ ಗೊತ್ತಿದ್ರ ತಿಳಿಸ್ರಿ, ತಿದ್ದತೀವಿ ಅಂತ ಬರದಾರ. ಊರಮ್ಮಜ್ಜಿ ಮೊಮ್ಮಕ್ಕಳು ಅವರಜ್ಜಿ ಹೆಸರು ಹಾಕಿಸ್ಯಾರ. ನಾನೂ ಬರೀತೀನಿ. ಇದು ಹುಡುಗಿ ಅಲ್ಲ, ಹುಡುಗ, ಪಾಲಪ್ಪನ ಮಗ ಅಂತ. ಹೆಸರು ಏನಂತ ಹಾಕ್ಲಿ, ತೌಡಪ್ಪ ಅಂತಾನಾ?"

"ಅದು ಹೆಸರಲ್ಲವ್ವ. ಕೂಗಾಕ ಇಟ್ಟಿದ್ದು. ಜವಳ ಆದಮ್ಯಾಲೆ ಹೆಸರಿಡಬೇಕಂತ ಇತ್ತು."

"ಏನಿಡಬೇಕಂತಿದ್ರಿ?"

ನಿಂಗಕ್ಕನ ತುಟಿ ಅಲುಗಿತು. ಆ ಹೆಸರನ್ನು ಅವಳು ಗುಡ್ಡದ ಮೇಲೆ, ದೇವಿಯ ಎದುರು, ಬೋಳುತಲೆಯ ಕೂಸಿನ ಕಿವಿಯಲ್ಲಿ ಮೊದಲು ಹೇಳಬೇಕೆಂದು ಒಳಗೇ ಇಟ್ಟುಕೊಂಡಿದ್ದಳು. ಪಾಲಪ್ಪನಿಗೂ ಹೇಳಿರಲಿಲ್ಲ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಹೊರಗಿನ ರಸ್ತೆ ನೋಡಿದಳು. ಸಂಡೂರಿನ ಕಡೆಯಿಂದ ಬಂದ ಲಾರಿಯೊಂದು ಕೆಂಪು ಧೂಳು ಮೈತುಂಬ ಹೊತ್ತು ಮುಂದೆ ಹೋಯಿತು.

"ಬ್ಯಾಡ ಗಂಗೂ. ಏನೂ ಬರೀಬ್ಯಾಡ. ಹುಡುಗಿ ಅಂತನ ಇರ್ಲಿ."

"ತಪ್ಪಲ್ಲೇನಜ್ಜಿ ಅದು? ಲೋಕ ಎಲ್ಲ ನೋಡತೈತಿ."

"ಲೋಕ ನೋಡತೈತಿ ಅಂತನ ಬ್ಯಾಡ ಅಂದೆ. ಯಾರ್ಯಾರು ನೋಡತಾರೋ ಏನೋ." ನಿಂಗಕ್ಕ ಲೋಟ ಕೆಳಗಿಟ್ಟಳು. "ಆ ಫೋಟೋದಾಗ ಅವನಿಗೆ ಇನ್ನೂ ಏನೂ ಆಗಿಲ್ಲ."

ಗಂಗೋತ್ರಿ ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಚಹಾ ಆರಿಹೋಗಿತ್ತು. ಇಬ್ಬರೂ ಅದನ್ನೇ ಕುಡಿದರು.

ಸಂಜೆ ಕಂಪ್ಲಿಯ ಮನೆಯಲ್ಲಿ ಚಂದ್ರಕಲಾ ತಾನು ಕಾಣದ ಅಣ್ಣನನ್ನು ಬಹಳ ಹೊತ್ತು ನೋಡಿ, ಮೂಗು ಒರೆಸಿಕೊಂಡು, ಮೊಳೆ ಸುತ್ತಿಗೆ ತಂದಳು. ಪಡಸಾಲೆಯ ಗೋಡೆಯಲ್ಲಿ ಎತ್ತರಕ್ಕೆ ಪಾಲಪ್ಪನ ಫೋಟೋ ಇತ್ತು, ಗಂಧದ ಹಾರ ಹಾಕಿತ್ತು. ಅಪ್ಪನ ಪಕ್ಕದಲ್ಲೇ ಹೊಡೆಯುತ್ತೇನೆ ಎಂದಳು.

"ಅಲ್ಲಿ ಬ್ಯಾಡ," ಎಂದಳು ನಿಂಗಕ್ಕ. "ಕೆಳಗ."

ಅವಳು ಚೌಕಟ್ಟನ್ನು ತಾನೇ ಎತ್ತಿಕೊಂಡು ಹೋಗಿ, ದಿನವೂ ತಲೆ ಬಾಚಲು ಕೂರುವ ಕನ್ನಡಿಯ ಗೂಡಿನ ಪಕ್ಕ, ನೆಲಕ್ಕೆ ತಾಗುವಂತೆ ಗೋಡೆಗೆ ಒರಗಿಸಿದಳು. ಎದುರಿಗೆ ಕಾಲು ಮಡಿಸಿ ಕೂತಳು. ಕೂತಾಗ ಕೂಸಿನ ತಲೆ ಅವಳ ಎದೆಯ ಮಟ್ಟಕ್ಕೆ ಬಂತು. ಗಾಜಿನ ಮೇಲೆ ಎಡಗಡೆಯ ಬಿಡುಗೂದಲಿನ ಹತ್ತಿರ ಅವಳ ಕೈ ಹೋಗಿ ತಡೆಯಿತು.

ಆಮೇಲೆ ಗೂಡಿನಿಂದ ಕಾಡಿಗೆಯ ಡಬ್ಬಿ ತೆಗೆದಳು. ತೋರುಬೆರಳಿನ ತುದಿಗೆ ಒಂದಿಷ್ಟು ಹಚ್ಚಿಕೊಂಡು, ಅಲುಗದ ಹಾಗೆ ಇನ್ನೊಂದು ಕೈಯಿಂದ ಚೌಕಟ್ಟನ್ನು ಹಿಡಿದು, ಕೂಸಿನ ಬಲಗೆನ್ನೆಯ ಮೇಲೆ ದೃಷ್ಟಿಬೊಟ್ಟು ಇಟ್ಟಳು. ಬೆರಳಿಗೆ ಉಳಿದ ಕಪ್ಪನ್ನು ತನ್ನ ಬಿಳಿಗೂದಲಿಗೆ ಒರೆಸಿಕೊಂಡಳು.